ಏಳನೇ ಜಂತಿ

“ಬರಕೊಳ್ರಿ ಸಾಹೇಬ್ರ. ಒಳಕೋಣಿಗೆ ಜಂತಿ ಹನ್ನೆರಡು. ಒಂದೊಂದು ಹತ್ತು ಅಡಿ, ಎಲ್ಲಾ ತೇಗದ ಕಟಗಿ.”

ಮಾಳಿಗೆ ಹೊರುವ ತೊಲೆಗಳ ಲೆಕ್ಕವನ್ನು ಮರುಳಸಿದ್ದಪ್ಪ ಬರೆದುಕೊಂಡ. ಸುಟ್ಟ ಮಣ್ಣಿನ ಗುಡ್ಡೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು, ತೊಡೆಯ ಮೇಲೆ ಕಾಗದವಿಟ್ಟುಕೊಂಡು ಬರೆಯುವುದೆಂದರೆ ಐವತ್ತೈದು ದಾಟಿದ ಮೊಣಕಾಲಿಗೆ ಜೈಲುಶಿಕ್ಷೆ. ಮೇಲೆ ಏಪ್ರಿಲ್ ಬಿಸಿಲು. ಕಂಪ್ಲಿಯ ಬಿಸಿಲು ಓವರ್‌ಸೀರ್ ಎಂದು ನೋಡುವುದಿಲ್ಲ, ಕೂಲಿಯವನೆಂದೂ ನೋಡುವುದಿಲ್ಲ, ಎಲ್ಲರನ್ನೂ ಒಂದೇ ಹೆಂಚಿನ ಮೇಲೆ ಹಾಕುತ್ತದೆ.

ಒಂಬತ್ತು ದಿನದ ಹಿಂದೆ, ಇಂಥದೇ ಮಟಮಟ ಮಧ್ಯಾಹ್ನ, ಬೆಲ್ಲದ ವ್ಯಾಪಾರಿ ಕೊಟ್ರಯ್ಯನ ಈ ಮನೆಯ ಹಿಂಭಾಗ ಹೊತ್ತಿ ಉರಿದು, ಒಳಕೋಣೆಯಲ್ಲಿ ಮಲಗಿದ್ದ ಕೊಟ್ರಯ್ಯ ಮಾಳಿಗೆ ಮಣ್ಣಿನಡಿ ಸತ್ತಿದ್ದ. ಹೆಂಡತಿ ಸುವರ್ಣಮ್ಮನೇ ವಿಮೆಯ ರೊಕ್ಕಕ್ಕಾಗಿ ಬೆಂಕಿ ಇಟ್ಟಳೆಂದು ಮೈದುನ ಉಜ್ಜಿನಪ್ಪ ಪೊಲೀಸರಿಗೆ ಬರೆದುಕೊಟ್ಟಿದ್ದ.

ಮರುಳಸಿದ್ದಪ್ಪ ಒಂದು ಕಾಲಕ್ಕೆ ಜಿಲ್ಲಾ ಬೋರ್ಡಿನ ಓವರ್‌ಸೀರ್. ಈಗ ಮದ್ರಾಸಿನ ವಿಮಾ ಕಂಪನಿಗೆ ಸುಟ್ಟ ಮನೆ ಅಳೆದು ಕೊಡುವವನು. ಇದೂ ಒಂದು ಹೊಟ್ಟೆಪಾಡು. ನಿನ್ನೆ ಹೊಸಪೇಟೆ ಠಾಣೆಯಲ್ಲಿ ಇನ್‌ಸ್ಪೆಕ್ಟರು ಚಹಾ ಕುಡಿಸಿ ಹೇಳಿದ್ದು ಇಷ್ಟೇ: “ಆಕಿಗೆ ಈ ಬೆಂಕಿಯಿಂದ ಲಾಭ ಐತೋ ಇಲ್ಲೋ, ಅದಷ್ಟು ನಿಮ್ಮ ರಿಪೋರ್ಟಿನಾಗ ಬರೀರಿ. ನಾಳೆ ನಾಕು ಗಂಟೆಕ್ಕ ಬರ್ತೀನಿ. ಲಾಭ ಐತಿ ಅಂದ್ರ ಕರಕೊಂಡು ಹೋಗ್ತೀನಿ, ಇಲ್ಲಂದ್ರ ಕಾಗದ ತಗೊಂಡು ಹೋಗ್ತೀನಿ.”

ಎಷ್ಟು ಸಸಾರ ನೋಡಿ! ಒಂದು ಹೆಂಗಸಿನ ಬಾಳು ಇವನ ಪೆನ್ಸಿಲ್ಲಿನ ತುದಿಗೆ ಕಟ್ಟಿ ತಾವು ಚಹಾ ಹೀರಿದರು.

“ಮುಂದಕ್ಕ ಹೇಳು ಪಾಲಪ್ಪ.”

ಪಾಲಪ್ಪ ಈ ಮನೆ ಕಟ್ಟಿದ ಮೇಸ್ತ್ರಿ. ಎಪ್ಪತ್ತರ ಹತ್ತಿರ ವಯಸ್ಸು, ಎರಡೂ ಕಣ್ಣಿಗೆ ಪೊರೆ. ಗೋಡೆಯನ್ನು ಕಣ್ಣಿಂದ ನೋಡುವುದಕ್ಕಿಂತ ಅಂಗೈಯಿಂದ ಸವರಿ ನೋಡುವುದೇ ಹೆಚ್ಚು. ಆದರೂ ಲೆಕ್ಕ ಬಾಯಲ್ಲೇ ಇತ್ತು. ಮಾಳಿಗೆಗೆ ಇಷ್ಟು ಬಂಡಿ ಮಣ್ಣು, ಅದರ ಮೇಲೆ ನೀರು ಇಳಿಯದಂತೆ ಹಾಸುವ ಸವಳು ಇಷ್ಟು ಬಂಡಿ, ಸುಣ್ಣ, ಚಪ್ಪಡಿ, ಬಡಗಿ ಕೂಲಿ, ಒಡ್ಡರ ಕೂಲಿ. ಹೇಳುತ್ತಾ ಹೇಳುತ್ತಾ ಒಮ್ಮೆ ಕೈಯೆತ್ತಿದ.

“ಅಡಿಗಿಮನಿ ಬಾಗಲಾ ಬರದ್ರೇನ್ರಿ? ಹೊಡೀರಿ ಅದನ್ನ.”

“ಯಾಕ? ಸುಟ್ಟೈತಲ್ಲ.”

“ಸುಡೋಕಿಂತ ಮೊದಲ ಗೆದ್ಲು ತಿಂದಿತ್ರಿ. ಸತ್ತ ಬಾಗಲಕ್ಕ ಹೊಸಾ ಬಾಗಲದ ರೊಕ್ಕ ಕೇಳಾದು ಪಾಪ ಅಲ್ಲೇನ್ರಿ? ನಾ ಹೇಳಿದ್ದು ನೀವು ಬರೀತೀರಿ. ಸುಳ್ಳು ನನ್ನ ಬಾಯಿಂದ ಹೊಂಟಂಗಾತು.”

ಮರುಳಸಿದ್ದಪ್ಪ ಪಟ್ಟಿಯಿಂದ ಬಾಗಿಲನ್ನು ಹೊಡೆದುಹಾಕಿದ. ಇಪ್ಪತ್ತು ವರ್ಷದಲ್ಲಿ ಇಂಥ ಮೇಸ್ತ್ರಿಯನ್ನು ಅವನು ಕಂಡಿರಲಿಲ್ಲ.

ಅಷ್ಟರಲ್ಲಿ ಬೀದಿಯ ಕಡೆಯಿಂದ ಕೊಡೆ ಹಿಡಿದುಕೊಂಡು ಉಜ್ಜಿನಪ್ಪ ಬಂದ. ಅಣ್ಣ ಸತ್ತ ದುಃಖಕ್ಕೆ ಮೀಸೆ ಬೋಳಿಸಿದ್ದ, ಆದರೆ ಅಂಗಿಗೆ ಇಸ್ತ್ರಿ ತಪ್ಪಿರಲಿಲ್ಲ.

“ಏನ್ರಿ ಓವರ್‌ಸೀರ್ರ, ಬೂದಿಯೊಳಗ ಕಟಗಿ ಎಣಸ್ತೀರಿ? ಈ ಮನಿ ಬೆಲಿ ಮೂರು ಸಾವಿರ ಅಂತ ಆರು ವರ್ಷದ ಹಿಂದ ನೀವ ಬರದೀರಿ. ನಿಮ್ಮ ಸಹಿ ಐತಿ. ಅದನ್ನ ಇನ್ನೊಮ್ಮಿ ಬರದು ಕೈತೊಳಕೊಳ್ರಿ. ಆಕಿ ಜೈಲಿಗೆ ಹೋಗ್ಲಿ, ಜಾಗ ಮನೆತನಕ್ಕ ಉಳೀಲಿ.”

“ಮನೆತನ ಅಂದ್ರ ನೀನ?”

“ಮತ್ಯಾರು?” ಉಜ್ಜಿನಪ್ಪ ನಕ್ಕು ಹೋದ.

ಆ ಸಹಿಯ ಮಾತು ಮಾತ್ರ ಎದೆಗೆ ನಾಟಿತು. ಸುಳ್ಳಾಗಿದ್ದರೆ ಬೈಯಬಹುದಿತ್ತು, ಹಾಳಾದ್ದು ನಿಜ. ಆಗ ಪೇಟೆಯಲ್ಲಿ ಮನೆಗಳ ಬೆಲೆ ಬಿದ್ದುಹೋಗಿದ್ದ ಕಾಲ. ಮರುಳಸಿದ್ದಪ್ಪ ಇದೇ ಮನೆಯ ಕಟ್ಟೆ ಮೇಲೆ ಕೂತು, ಕೊಟ್ರಯ್ಯ ಕೊಟ್ಟ ಲಿಂಬೆಪಾನಕ ಕುಡಿದು, ಒಳಗೆ ಕಾಲಿಡದೆ ಒಂದು ಮಾತು ಕೇಳಿದ್ದ: “ಮಾರಿದ್ರ ಎಷ್ಟಕ್ಕ ಹೋಗತೈತ್ರಿ?” “ಮೂರು ಸಾವಿರ ಬಂದ್ರ ಪುಣ್ಯ,” ಅಂದಿದ್ದ ಕೊಟ್ರಯ್ಯ. ಇವನು ಅದನ್ನೇ ಬರೆದ. ವಿಮೆ ಮೂರು ಸಾವಿರಕ್ಕೆ ನಿಗದಿಯಾಯಿತು. ಸುಟ್ಟ ಮನೆಯನ್ನು ಯಾರೂ ಪೇಟೆಯಲ್ಲಿ ಕೊಂಡು ತರುವುದಿಲ್ಲ, ಮತ್ತೆ ಕಟ್ಟಿಸಬೇಕು. ಮಣ್ಣು, ಮರ, ಕೂಲಿ ಎಲ್ಲಾ ಇವತ್ತಿನ ದರಕ್ಕೆ ತರಬೇಕು. ಓವರ್‌ಸೀರ್ ಆಗಿದ್ದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಳಗೆ ಹೋಗಿ ಅಳೆಯುವ ಸೋಮಾರಿತನ ಅಷ್ಟೇ.

ಈಗ ಪಾಲಪ್ಪನ ಲೆಕ್ಕ ಕೂಡಿಸಿದರೆ ಇಡೀ ಮನೆ ಕಟ್ಟಿಸಲು ಒಂಬತ್ತು ಸಾವಿರ ಬರುತ್ತಿತ್ತು. ಸುಟ್ಟ ಹಿಂಭಾಗಕ್ಕೇ ನಾಲ್ಕೂವರೆ ಸಾವಿರ.

ಸುವರ್ಣಮ್ಮ ಹಿತ್ತಲಿನ ದನದ ಕೊಟ್ಟಿಗೆಯಲ್ಲಿದ್ದಳು. ಮುಂದಿನ ಪಡಸಾಲೆ ಗಟ್ಟಿಯಾಗೇ ಇತ್ತು, ಆದರೆ ಉಜ್ಜಿನಪ್ಪ ಅದಕ್ಕೆ ಬೀಗ ಜಡಿದಿದ್ದ. ಸಗಣಿ ಸಾರಿಸಿದ ನೆಲ, ಒಂದು ಕಂಬಳಿ, ಎರಡು ಹಿತ್ತಾಳೆ ಪಾತ್ರೆ. ನಡುವೆ ಸೂರು ಹೊತ್ತ ಕಂಬ, ಎಮ್ಮೆ ಮೈ ತಿಕ್ಕಿ ಸವೆಸದಿರಲೆಂದು ಅದಕ್ಕೆ ಎದೆಮಟ್ಟ ಗೋಣಿತಟ್ಟು ಸುತ್ತಿತ್ತು.

“ಕುಂದರ್ರಿ ಅಣ್ಣಾರ,” ಅಂದಳು. ನಲವತ್ತರ ಹೆಂಗಸು. ಗಂಡ ಸತ್ತಾಗಿನಿಂದ ಈಕೆ ಅತ್ತದ್ದನ್ನು ಯಾರೂ ನೋಡಿಲ್ಲವೆಂದು ಊರೆಲ್ಲಾ ಆಡಿಕೊಳ್ಳುತ್ತಿತ್ತು. ಅಳದಿದ್ದರೆ ಕೊಲೆಗಾತಿ ಅನ್ನುತ್ತಾರೆ, ಅತ್ತಿದ್ದರೆ ನಾಟಕ ಅನ್ನುತ್ತಿದ್ದರು. ಊರಿನ ಬಾಯಿಗೆ ಬೀಗ ಹಾಕುವವರು ಯಾರು?

“ಒಂದು ಮಾತು ಕೇಳಬೇಕು ತಂಗೆವ್ವ. ಫಾರಮ್ಮಿನಾಗ ಐತಿ. ಈ ವರ್ಷ ಮನ್ಯಾಗ ಏನಾರ ರಿಪೇರಿ, ಒಡೆಯಾದು, ಕಟ್ಟಾದು ಮಾಡಿಸೀರೇನು?”

“ಒಂದು ಮೊಳಿ ಸೈತ ಹೊಡಸಿಲ್ರಿ.”

ಅವನು ‘ಇಲ್ಲ’ ಎಂದು ಬರೆದುಕೊಂಡ. ಆಮೇಲೆ ಲೆಕ್ಕ ಬಿಡಿಸಿ ಹೇಳಿದ. ನಾಲಿಗೆ ತಡವರಿಸಿತು.

“ಮನಿ ಕಟ್ಟಸಾಕ ಒಂಬತ್ತು ಸಾವಿರ ಬೇಕು. ವಿಮೆ ಇರಾದು ಮೂರು ಸಾವಿರಕ್ಕ. ಅಂದ್ರ ಮೂರರಾಗ ಒಂದು ಪಾಲಿಗೆ ಕಂಪನಿ ಹೊಣಿ, ಉಳದ ಎರಡು ಪಾಲಿಗೆ ನೀವ ಹೊಣಿ. ಪಾಲಿಸಿ ಹಿಂದ ಸಣ್ಣ ಅಕ್ಷರದಾಗ ಹಂಗ ಅಚ್ಚು ಹಾಕ್ಯಾರ. ಸುಟ್ಟ ಭಾಗ ಕಟ್ಟಸಾಕ ನಾಕೂವರಿ ಸಾವಿರ. ಅದರಾಗ ಮೂರನೇ ಪಾಲು, ಒಂದೂವರಿ ಸಾವಿರ. ಅಷ್ಟ ಕೊಡ್ತಾರ.”

“ಮೂರು ಸಾವಿರಕ್ಕ ಕಂತು ಕಟ್ಟೀವಲ್ರಿ?”

“ಕಟ್ಟೀರಿ.”

“ಮತ್ತ ಮನಿ ಬೆಲಿ ಮೂರು ಸಾವಿರ ಅಂತನ ಬರದ್ರ?”

“ಪೂರಾ ಮೂರು ಸಾವಿರಾನೂ ಬರತೈತಿ.” ಅವನು ನೆಲ ನೋಡಿದ. “ಆದ್ರ ಆಗ ಪೊಲೀಸರು ಏನಂತಾರ? ಮಾರಿದ್ರ ಬರೋ ಅಷ್ಟೂ ರೊಕ್ಕ ಅರ್ಧಾ ಮನಿ ಸುಟ್ಟು ತಗೊಂಡ್ಳು, ಮ್ಯಾಲ ಅರ್ಧಾ ಮನಿ, ಜಾಗ ಉಳಿಸಿಕೊಂಡ್ಳು ಅಂತಾರ. ಒಂಬತ್ತು ಅಂತ ಬರದ್ರ ನಾಕೂವರಿ ಸಾವಿರದ ಲುಕ್ಸಾನಿಗೆ ಒಂದೂವರಿ ಸಾವಿರ. ಅಷ್ಟಕ್ಕ ಯಾವ ಹುಚ್ಚಿ ಮನಿ ಸುಡ್ತಾಳ?”

ಸುವರ್ಣಮ್ಮ ಕಂಬಳಿಯ ಮಡಿಕೆ ಸರಿಮಾಡಿದಳು.

“ಹಂಗಾರ ಜೈಲು ತಪ್ಪಿದ್ರ ಮನಿ ತಪ್ಪತೈತಿ, ಮನಿ ಉಳದ್ರ ಜೈಲು ಕಾಯಂ ಅನ್ರಿ.”

ಆ ಕಟ್ಟೆ ಮೇಲಿನ ಲಿಂಬೆಪಾನಕ ಈಗ ಗಂಟಲಲ್ಲಿ ಹುಳಿಯಾಗಿ ಮೇಲೆ ಬಂತು.

“ಈ ಮನಿ ಕಟಗಿ ನಮ್ಮಪ್ಪ ಕೊಟ್ಟದ್ರಿ,” ಅಂದಳು ಅವಳು. “ಸೊಂಡೂರು ಅಡವಿಯಿಂದ ಹನ್ನೊಂದು ಬಂಡಿ ಹೊಡಕೊಂಡು ಬಂದ. ಮಗಳ ತಲಿ ಮ್ಯಾಲಿನ ನೆಳ್ಳು ನಂದ ಇರಲಿ ಅಂದ. ನೀವು ನಿಜಾನ ಬರೀರಿ. ನೆಳ್ಳು ಹೋದ್ರ ಹೋಗ್ಲಿ.”

ಮರುಳಸಿದ್ದಪ್ಪ ಆ ಕಂಬಕ್ಕೆ ಕೈ ಊರಿ ಎದ್ದ. ಬಾಯಲ್ಲಿ ವೀರಾವೇಶ. “ನಾ ಇರಾತನಕ ನಿಮಗ ಬೇಡಿ ಬೀಳಂಗಿಲ್ಲ ತಂಗೆವ್ವ. ಇದು ನನ್ನ ಮಾತು,” ಅಂದುಬಿಟ್ಟ.

ಅವಳು ಅವನ ಮುಖ ನೋಡಲಿಲ್ಲ. ಕಂಬದ ಮೇಲಿದ್ದ ಅವನ ಕೈಯನ್ನೇ ನೋಡುತ್ತಿದ್ದಳು. ಸಂಕೋಚದ ಹೆಂಗಸು ಅಂದುಕೊಂಡು ಅವನು ಹೊರಬಿದ್ದ.

ಮುಂದಿನ ಕಟ್ಟೆಯ ಮೇಲೆ ಕೂತು ಶಾಯಿಯಲ್ಲಿ ನಕಲು ತೆಗೆದ. ‘ಈ ಬೆಂಕಿಯಿಂದ ಸದರಿ ಸುವರ್ಣಮ್ಮನವರಿಗೆ ಲಾಭವಿಲ್ಲ, ನಷ್ಟವೇ’ ಎಂದು ಕೊನೆಯ ಸಾಲು ಬರೆದು ಸಹಿ ಹಾಕಿದ. ಒಂದು ಪ್ರಶ್ನೆ ಮಾತ್ರ ಬಾಕಿ ಇತ್ತು, ಅದು ಯಾವ ಫಾರಮ್ಮಿನಲ್ಲೂ ಇರಲಿಲ್ಲ. ಅಡಿಗೆಮನೆ ಎರಡು ತಾಸು ಉರಿದ ಮೇಲೆ ಅದರ ಮಾಳಿಗೆ ಬಿತ್ತು. ಬೆಲ್ಲದ ಉಗ್ರಾಣದ್ದು ಸಂಜೆಗೆ ಬಿತ್ತು. ಒಳಕೋಣೆಯದು ಮಾತ್ರ ಬೆಂಕಿ ತಾಗಿದ ಅರೆಗಳಿಗೆಯಲ್ಲಿ ಧೊಪ್ಪನೆ ಕೂತದ್ದೇಕೆ? ಕೊಟ್ರಯ್ಯನ ಮೈಮೇಲೆ ಸುಟ್ಟ ಗಾಯ ಕಡಿಮೆ, ಬೆನ್ನುಮೂಳೆ ಮುರಿದಿತ್ತು ಎಂದು ಡಾಕ್ಟರು ಹೇಳಿದ್ದರು.

ಶಾಯಿ ಆರಲೆಂದು ಕಾಗದಕ್ಕೆ ಗಾಳಿ ಹಾಕುತ್ತಾ ಮತ್ತೊಮ್ಮೆ ಓದಿದ. ಪಡಸಾಲೆ, ಜಂತಿ ಹದಿನೇಳು. ಉಗ್ರಾಣ, ಹದಿನೈದು. ಅಡಿಗೆಮನೆ, ಹನ್ನೊಂದು. ಒಳಕೋಣೆ, ಹನ್ನೆರಡು.

ಹನ್ನೆರಡು?

ಕಂಪ್ಲಿಯ ಯಾವ ಮೇಸ್ತ್ರಿಯೂ ವಾಸದ ಕೋಣೆಗೆ ಸರಿಸಂಖ್ಯೆಯ ಜಂತಿ ಹಾಕುವುದಿಲ್ಲ. ಸರಿ ಎಣಿಕೆ ಹೆಣ ಹೊರುವ ಹೆಗಲಿನದು ಅನ್ನುತ್ತಾರೆ. ಜಾಗ ಸಾಲದಿದ್ದರೆ ಒಂದು ಬಿಡುತ್ತಾರೆ, ಉಳಿದರೆ ಒಂದು ಸೇರಿಸುತ್ತಾರೆ, ಬೆಸ ಮಾತ್ರ ತಪ್ಪಿಸುವುದಿಲ್ಲ. ಗೆದ್ದಲು ತಿಂದ ಬಾಗಿಲಿನ ಲೆಕ್ಕ ತಪ್ಪದ ಪಾಲಪ್ಪ ಇದನ್ನು ತಪ್ಪಿದನೇ?

ಒಳಕೋಣೆಯ ಗೋಡೆಗೆ ಏಣಿ ಆನಿಸಿ ಹತ್ತಿದ. ಜಂತಿ ಸುಟ್ಟರೂ ಗೋಡೆಯೊಳಗೆ ಹೂತ ತುದಿ ಸುಡುವುದಿಲ್ಲ. ಮಸಿಯಲ್ಲಿ ಕೈಯಿಟ್ಟು ಮೋಟುಗಳನ್ನು ಎಣಿಸಿದ. ಹದಿಮೂರು. ಹನ್ನೆರಡು ಮೋಟುಗಳು ಒಲೆಯಲ್ಲಿ ಅರೆ ಉರಿದ ಕೊಳ್ಳಿಯಂತೆ ಮೊಂಡಾಗಿ, ಇದ್ದಿಲಾಗಿ ಪುಡಿಯುದುರುತ್ತಿದ್ದವು. ನಟ್ಟನಡುವಿನದು, ಏಳನೆಯದು, ಗೋಡೆಗೆ ಸಮನಾಗಿ ಚಪ್ಪಟೆಯಾಗಿತ್ತು. ಉಗುರಿನಿಂದ ಕೆರೆದ. ಮೇಲೆ ಬರೀ ಹೊಗೆಯ ಮಸಿ. ಒಳಗೆ ಗರಗಸದ ಹಲ್ಲಿನ ಗೆರೆ.

ಎದುರು ಗೋಡೆಯಲ್ಲೂ ಅಷ್ಟೇ.

ಬೇವಿನ ಗಿಡದ ಕೆಳಗೆ ಪಾಲಪ್ಪ ಉಳಿ ಮಸೆಯುತ್ತಿದ್ದ.

“ಪಾಲಪ್ಪ, ಒಳಕೋಣಿಗೆ ಎಷ್ಟು ಜಂತಿ ಹಾಕಿದ್ದಿ?”

“ಹದಿಮೂರು.”

“ನನಗ ಹನ್ನೆರಡು ಅಂದಿ.”

“ಹೌದ್ರಿ. ಸುಟ್ಟದ್ದು ಹನ್ನೆರಡ.” ಮಸೆಯುವ ಕೈ ನಿಂತಿತು. “ಇಲ್ಲದ ಜಂತಿಗೆ ರೊಕ್ಕ ತಗೊಳ್ಳಾದು ಕಳವಾಗತೈತ್ರಿ ಸಾಹೇಬ್ರ.”

“ಕೊಯ್ದವ ಯಾರು?”

ಮುದುಕ ಉಳಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ.

“ಲೇ ಪಾಲಪ್ಪ! ಆ ಮನುಷ್ಯಾನ ಬೆನ್ನು ಮುರದೈತಿ. ನಡುವಿನ ಜಂತಿ ಇದ್ದಿದ್ರ ಆ ಮಾಳಗಿ ಇನ್ನೊಂದು ತಾಸು ನಿಲ್ಲತಿತ್ತು. ಎದ್ದು ಓಡಿ ಬರತಿದ್ದ. ಕೊಯ್ದವ ಯಾರು?”

“ನಾನ್ರಿ.” ಪೊರೆಗಣ್ಣಿನಲ್ಲಿ ನೀರು ಬಂತು. “ಯುಗಾದಿಗೆ ನಾಕು ದಿನ ಮೊದ್ಲು. ಕೊಟ್ರಯ್ಯಾರು ಬೆಲ್ಲ ಹಾಕಾಕ ಹೊಸಪ್ಯಾಟಿಗೆ ಹೋಗಿದ್ರು. ಆಳು ಹಚ್ಚಿ ಕೊಯ್ದು ಇಳಸಿದೆ. ಮ್ಯಾಲಿನ ಹಲಗಿ ಆಚಿ ಈಚಿ ಜಂತಿ ಮ್ಯಾಲ ಕುಂತಿತ್ತು, ಬೀಳಾದಿಲ್ಲ ಅಂದಕೊಂಡೆ. ಮಳಿಗಾಲಕ್ಕ ಮೊದ್ಲು ಬೇರೆ ಹಾಕ್ತೀನಿ ಅಂತ ಹೇಳಿದ್ದೆ.”

“ಯಾರಿಗೆ ಹೇಳಿದ್ದಿ?”

“ಬ್ಯಾಡ್ರಿ ಸಾಹೇಬ್ರ.”

“ಉಜ್ಜಿನಪ್ಪಗ ಹೌದಲ್ಲೊ? ಅಣ್ಣ ಊರಾಗಿಲ್ಲದಾಗ ಅವನ ಬಂದು ಕೊಯ್ಸಿದ. ಹೌದನ್ನು!” ದನಿಯಲ್ಲಿ ಇದ್ದದ್ದು ಪ್ರಶ್ನೆಯಲ್ಲ, ಬೇಡಿಕೆ. ಇದು ಅವನಿಗೂ ಕೇಳಿಸಿತು.

“ಸುವರ್ಣಮ್ಮಾರಿಗ್ರಿ.”

ಮರುಳಸಿದ್ದಪ್ಪ ಕೈಯಲ್ಲಿದ್ದ ಕಾಗದವನ್ನು ಮಡಚಿದ.

“ಕೊಟ್ಟಿಗಿಗೆ ಕಂಬ ಬೇಕು, ಒಂದು ಜಂತಿ ಇಳಸು ಅಂದ್ರು. ಬದೀದು ತಗೀತೀನಿ ಅವ್ವಾರ, ನಡುವಿಂದು ಬ್ಯಾಡ್ರಿ ಅಂತ ಕಾಲು ಹಿಡದೆ. ನಡುವಿಂದ ಬೇಕು ಅಂದ್ರು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ್ರು. ಮಣ್ಣು ಉದರತೈತಿ ಅಂತ ಕೆಳಗ ಹಳೆ ಸೀರಿ ಬಿಗದು ಕಟ್ಟಿದ್ರು. ಮಲಗಿ ನೋಡಿದ್ರ ಜಂತಿ ಕಾಣತಿದ್ದಿಲ್ಲ.” ಪಾಲಪ್ಪ ಮೂಗು ಒರೆಸಿಕೊಂಡ. “ಹೇಳಾಂಗಿಲ್ಲ ಅಂತ ಆಣಿ ಇಟ್ಟಿದ್ದೆ. ಎಣಿಕಿ ಸುಳ್ಳು ಹೇಳ್ತೀನಿ ಅಂತ ಇಟ್ಟಿದ್ದಿಲ್ರಿ.”

ಅಯ್ಯೋ ಶಿವನೇ! ಮುದುಕನ ಪ್ರಾಮಾಣಿಕತೆ ಹೋಗಿ ಹೋಗಿ ಎಲ್ಲಿಗೆ ಬಂದು ನಿಂತಿತು!

‘ಒಂದು ಮೊಳಿ ಸೈತ ಹೊಡಸಿಲ್ರಿ.’ ಆ ಮಾತು ಅವನ ಫಾರಮ್ಮಿನಲ್ಲಿ ಶಾಯಿಯಲ್ಲಿತ್ತು. ‘ಲಾಭವಿಲ್ಲ’ ಎನ್ನುವ ಮಾತು ಅವನ ಸಹಿಯ ಮೇಲೆ ಕೂತಿತ್ತು. ವಿಮೆಯ ರೊಕ್ಕ ಬಿಟ್ಟು ಬೇರೆ ಲಾಭವೂ ಒಂದಿರಬಹುದೆಂದು ಯಾವ ಕಂಪನಿಯ ಕಾಗದ ಕೇಳುತ್ತದೆ? ಒಮ್ಮೆ ಒಳಗೆ ಕಾಲಿಡದೆ ಬರೆದು ಆಕೆಯ ಮನೆ ಕಳೆದ. ಈಗ ಮಾಳಿಗೆ ನೋಡದೆ ಮಾತು ಕೊಟ್ಟು ತನ್ನನ್ನೇ ಕಳೆದುಕೊಂಡ. ಎರಡು ಸಲವೂ ಅದೇ ಸೋಮಾರಿತನ. ಮೊದಲು ಮೈಗೆ, ಈ ಸಲ ಬುದ್ಧಿಗೆ.

“ಆ ಜಂತಿಗೆ ಗುರುತು ಐತೇನು?”

“ಎಲ್ಲಾಕೂ ಐತ್ರಿ. ಇಂಥಾದ್ದರ ಪಕ್ಕ ಇಂಥಾದ್ದು ಕೂಡಬೇಕು ಅಂತ ಉಳಿಲೆ ಕಚ್ಚು ಹಾಕಿರ್ತೀನಿ. ಅದಕ್ಕ ಏಳು ಕಚ್ಚು.”

ಮರುಳಸಿದ್ದಪ್ಪ ಹಿತ್ತಲಿಗೆ ನಡೆದ. ಊರಾಚೆ ರಸ್ತೆಯಲ್ಲಿ ಮೋಟಾರಿನ ಹಾರನ್ನು ಕೇಳಿಸಿತು, ಬೀದಿಯ ಮಕ್ಕಳು ಅದರ ಹಿಂದೆ ಕೂಗುತ್ತಾ ಓಡಿದರು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹಾಳು ಪೊಲೀಸರು, ಬೇಡವಾದ ದಿನ ಮಾತ್ರ ಹೊತ್ತಿಗೆ ಮುಂಚೆ ಬರುತ್ತಾರೆ.

ಕೊಟ್ಟಿಗೆಯಲ್ಲಿ ಸುವರ್ಣಮ್ಮ ಬಾಗಿಲಿಗೆ ಬೆನ್ನು ಮಾಡಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಅವನು ಕಂಬದ ಗೋಣಿತಟ್ಟನ್ನು ಹಿಡಿದು ಮೇಲಕ್ಕೆ ಸರಿಸಿದ. ಆಗಲೇ ತಾನು ಕೈ ಊರಿದ್ದ ಜಾಗದಲ್ಲೇ, ತೇಗದ ಮೈಯಲ್ಲಿ, ಬೆರಳಿಗೆ ಕಚ್ಚು ಸಿಕ್ಕಿತು. ಒಂದು. ಎರಡು. ಮೂರು. ಎಣಿಕೆ ಏಳಕ್ಕೆ ನಿಂತಿತು.

“ಎಣಿಸಿದ್ರೇನ್ರಿ ಅಣ್ಣಾರ?”

ಅವಳು ತಿರುಗಿರಲಿಲ್ಲ. ಹುಲ್ಲು ಹಾಕುವ ಕೈಯೂ ನಿಂತಿರಲಿಲ್ಲ.

“ಯಾಕವ್ವ?” ಅವನ ದನಿ ಒಡೆಯಿತು. “ನಾ ನಿನ್ನ ನಂಬಿದ್ನಲ್ಲೇ!”

“ತಟ್ಟು ಇನ್ನೂ ಮ್ಯಾಲ ಸರಸ್ರಿ. ಅಲ್ಲೊಂದು ಗುರುತೈತಿ. ಅದು ಪಾಲಪ್ಪಂದಲ್ಲ.”

ಸರಿಸಿದ. ಕಚ್ಚುಗಳ ಮೇಲೆ ಎರಡು ಮೊಳ ದೂರದಲ್ಲಿ ಜಂತಿಯ ಮೈಗೆ ಅಡ್ಡಲಾಗಿ ಸಣ್ಣ ಕರಿಗೆರೆ. ಉಗುರು ಹಾಕಿದ, ಮೇಣ ಬಂತು. ದೀಪದ ಮಸಿ ಕಲಸಿ ತುಂಬಿದ ಮೇಣ. ಕೆರೆಯುತ್ತಾ ಹೋದಂತೆ ಗರಗಸದ ಸೀಳು ತೆರೆಯಿತು. ಕೆಳಗಿನ ಮೈಯಿಂದ ಜಂತಿಯ ಮುಕ್ಕಾಲು ಪಾಲು ಕೊಯ್ದು, ಮುಚ್ಚಿ, ಮೊದಲಿನಂತೆಯೇ ಕಾಣುವ ಹಾಗೆ ಬಿಟ್ಟಿದ್ದರು. ಪೊರೆ ಬಂದ ಕಣ್ಣಿಗೆ ಇದು ಕಾಣುವುದು ಸಾಧ್ಯವೇ ಇರಲಿಲ್ಲ.

“ಶಿವರಾತ್ರಿ ಮುಗದ ಮರುದಿನ ನನ್ನ ಹಾಸಿಗಿ ಮ್ಯಾಲ ಕಟಗಿ ಹೊಟ್ಟು ಬಿದ್ದಿತ್ರಿ,” ಅಂದಳು ಸುವರ್ಣಮ್ಮ. ಈಗ ತಿರುಗಿದಳು. ಮುಖದಲ್ಲಿ ಈಗಲೂ ಅಳುವಿರಲಿಲ್ಲ. “ಹಿಂದಿನ ರಾತ್ರಿ ನಾ ಜಾಗರಣಿಗೆ ಗುಡಿಗೆ ಹೋದಾಗ ಮನ್ಯಾಗ ನನ್ನ ಗಂಡ ಒಬ್ರ ಇದ್ರು. ಆ ಕೋಣ್ಯಾಗ ದಿನಾ ಮಧ್ಯಾಹ್ನ ಮಲಗತಿದ್ದಾಕಿ ನಾನು. ಅವರು ಮಲಗಿದ್ದು ಅದೊಂದ ದಿನ.”

ಮುಂಬಾಗಿಲಲ್ಲಿ ಬೂಟಿನ ಸದ್ದಾಯಿತು. “ಮರುಳಸಿದ್ದಪ್ಪಾರ, ರಿಪೋರ್ಟು ತಯಾರಾತೇನ್ರಿ?” ಇನ್‌ಸ್ಪೆಕ್ಟರ ಕೂಗು. ಅವರ ಹಿಂದೆಯೇ ಉಜ್ಜಿನಪ್ಪನ ನಗು.

“ಯಾಕ ಮಲಗಿದ ಆ ದಿನ?” ಮರುಳಸಿದ್ದಪ್ಪ ಪಿಸುಗುಟ್ಟಿದ.

ಸುವರ್ಣಮ್ಮ ಗೋಣಿತಟ್ಟನ್ನು ಕೆಳಗೆ ಎಳೆದು ಗೆರೆ ಮುಚ್ಚಿದಳು.

“ನಾನ ಹಾಸಿಗಿ ಹಾಸಿಕೊಟ್ಟೆ,” ಅಂದಳು. “ಈಗ ಯಾವ ಕಾಗದ ಕೊಡ್ತೀರಿ ಅಣ್ಣಾರ?”